ದೊಡವಾಡದ ಆರು ಗಂಟೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹತ್ತು ವರ್ಷ ಹಡಗಿನಲ್ಲಿ ದುಡಿದರೂ ನಾನು ಸಮುದ್ರ ನೋಡಿದ್ದು ಕಡಿಮೆ. ಪ್ರವಾಸಿಗರನ್ನು ಬಂದರಿನಿಂದ ಬಂದರಿಗೆ ತೇಲಿಸುವ ಐಷಾರಾಮಿ ಹಡಗು ಅದು, ನಿಜ. ಆದರೆ ನಾನಿರುವುದು ಬಟ್ಟೆ ಒಗೆಯುವ ವಿಭಾಗದಲ್ಲಿ. ಅದು ತೀರಾ ಕೆಳಗೆ, ಕಿಟಕಿಯೇ ಇಲ್ಲದ ಕಡೆ. ಮೇಲೆ ಸೂರ್ಯ ಹುಟ್ಟಿದನೋ ಮುಳುಗಿದನೋ, ನಮ್ಮ ಪಾಲಿಗೆ ಬರುವುದು ಚಾದರಗಳು ಮಾತ್ರ. ರಜೆಗೆ ಬಂದಾಗ ಬೈಲಹೊಂಗಲದ ಬಸ್ಸಿನಲ್ಲಿ ಯಾರಾದರೂ "ಸಮುದ್ರ ಹ್ಯಾಂಗಿರತೈತ್ರೀ?" ಎಂದು ಕೇಳಿದರೆ, "ಬೆಳ್ಳಗ, ಇಸ್ತ್ರಿ ಮಾಡಿದಂಗ" ಎನ್ನೋಣವೆನಿಸುತ್ತದೆ.

ಅಲ್ಲಿ ಗಡಿಯಾರವನ್ನು ನಂಬಿದವನು ಕೆಟ್ಟ. ಹಡಗು ಪಶ್ಚಿಮಕ್ಕೆ ಹೊರಟರೆ ಆಗಾಗ ಒಂದು ತಾಸು ಹೆಚ್ಚಿಗೆ ಕೊಡುತ್ತಾರೆ. ಪೂರ್ವಕ್ಕೆ ತಿರುಗಿದ ಕೂಡಲೇ ಕೊಟ್ಟದ್ದನ್ನೆಲ್ಲ ಕಸಿದುಕೊಳ್ಳುತ್ತಾರೆ. ಇನ್ನು ವಾರ? ಅದನ್ನು ಲಿಫ್ಟಿನೊಳಗಿನ ನೆಲಹಾಸಿನ ಮೇಲೆ ಬರೆದಿರುತ್ತಾರೆ, ದಿನಕ್ಕೊಂದು ಹಾಸು. ಪ್ರವಾಸಿಗರು ತಲೆ ತಗ್ಗಿಸಿ ಇವತ್ತು ಸೋಮವಾರವೆಂದು ತಿಳಿದುಕೊಳ್ಳಬೇಕು. ಒಮ್ಮೆ ಬುಧವಾರದ ಹಾಸಿನ ಮೇಲೆ ಯಾರೋ ಕಾಫಿ ಚೆಲ್ಲಿ, ಅದು ತೊಳೆಯಲು ನನ್ನ ಕೈಗೆ ಬಂತು. ಒಣಗುವ ತನಕ ಬುಧವಾರವೆಲ್ಲ ನನ್ನ ವಶದಲ್ಲಿತ್ತು! ನನಗೆ ಸಿಕ್ಕ ಅಧಿಕಾರ ಅಷ್ಟೇ.

ಹಿಂದಿನವರದ್ದು ಬೇರೆ ಲೆಕ್ಕ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿತೆಂದರೆ ಒಂದು ಘಳಿಗೆ. ಅಂದರೆ ಕಾಲ ಸರಿಯಬೇಕಾದರೆ ಬಟ್ಟಲು ಮುಳುಗಲೇಬೇಕು. ನಮ್ಮದು ಮುಳುಗಬಾರದ ಬಟ್ಟಲು. ಅದಕ್ಕೇ ಇರಬೇಕು, ಅದರೊಳಗೆ ಕೂತವರಿಗೆ ಕಾಲ ಸರಿದದ್ದೇ ಗೊತ್ತಾಗುವುದಿಲ್ಲ.

ಈ ಗೋಜಲಿನಲ್ಲಿ ನಾನೊಂದು ಉಪಾಯ ಮಾಡಿಕೊಂಡಿದ್ದೆ. ಎರಡನೆಯ ಕೈಗಡಿಯಾರವೊಂದನ್ನು ನಮ್ಮೂರು ದೊಡವಾಡದ ವೇಳೆಗೇ ಬಿಟ್ಟು ಜೇಬಿನಲ್ಲಿಟ್ಟುಕೊಂಡಿದ್ದೆ. ದಿಂಬಿನ ಚೀಲ ಮಡಚುತ್ತ ಅದನ್ನು ನೋಡುವುದು. ಈಗ ಧಾರವಾಡದ ಬಸ್ಸು ಹೊರಟಿತು, ಈಗ ಅಣ್ಣ ಹೊಲದಿಂದ ಬಂದು ಕಾಲು ತೊಳೆದ, ಈಗ ವೈನಿ ಎಮ್ಮೆ ಹಿಂಡಲು ಕೂತರು. ವೈನಿ ಅಂದರೆ ನಮ್ಮಣ್ಣನ ಹೆಂಡತಿ. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಮನೆಗೆ ಬಂದವರು. ತಾಯಿಯಿಲ್ಲದ ನನ್ನನ್ನು ಬೈದು, ಉಣಿಸಿ, ದೊಡ್ಡವನನ್ನಾಗಿ ಮಾಡಿದವರು. ನಮ್ಮೂರಲ್ಲಿ ಬೆಳಗಿನ ಆರಾಯಿತೆಂದರೆ, ಹಡಗಿನಲ್ಲಿ ಎಷ್ಟೇ ಆಗಿರಲಿ, ಅವರಿಗೆ ಫೋನು ಮಾಡುತ್ತಿದ್ದೆ.

"ಏನ್ ಮಾಡಾಕತ್ತೀರಿ ವೈನಿ?"

"ಎಮ್ಮಿ ಹಿಂಡಾಕತ್ತೇನಿ, ತಮ್ಮಾ."

ಅಷ್ಟು ಸಾಕಿತ್ತು. ಚರಿಗೆಗೆ ಹಾಲು ಬೀಳುವ ಸದ್ದೂ ಕೇಳಿಸುತ್ತಿತ್ತೆಂದು ಯಾರು ಕೇಳಿದರೂ ಆಣೆ ಮಾಡಿ ಹೇಳುತ್ತಿದ್ದೆ. ಆ ಸದ್ದಿನ ಮೇಲೆ ಅವತ್ತಿನ ಚಾದರಗಳನ್ನೆಲ್ಲ ಮುಗಿಸುತ್ತಿದ್ದೆ.

ಈ ಸಲ ಒಂಬತ್ತು ತಿಂಗಳ ಕರಾರು ಮುಗಿಸಿ ಮನೆಗೆ ಬಂದೆ. ಹೊಸ್ತಿಲು ದಾಟಿದರೆ ಎಮ್ಮೆ ಕಟ್ಟುವ ಜಾಗದಲ್ಲಿ ಅಣ್ಣನ ಮೋಟರ್‌ಸೈಕಲ್ಲು ನಿಂತಿದೆ! ಮೇವು ಹಾಕುತ್ತಿದ್ದ ಗ್ವಾದಲಿಯಲ್ಲಿ ಉಳ್ಳಾಗಡ್ಡಿ ಹರವಿದ್ದಾರೆ.

"ಎಮ್ಮಿ ಎಲ್ಲಿ ವೈನಿ?"

"ನೀ ಹಡಗಿಗಿ ಹ್ವಾದ ತಿಂಗಳದಾಗನ ಮಾರಿದ್ವಿ. ಮೊಳಕಾಲ ಮಡಚಾಕ ಬರವಲ್ದು, ಕುಂತ್ರ ಏಳಾಕ ಬರವಲ್ದು. ಹಿಂಡವ್ರು ಯಾರು?"

"ಮತ್ತ ದಿನಾ ಹಿಂಡಾಕತ್ತೇನಿ ಅಂತಿದ್ರಿ?"

"ನೀ ಕೇಳೂ ದನೀನ ಹಂಗಿರತಿತ್ತಪಾ. ಇಲ್ಲ ಅನ್ನಾಕ ಬಾಯಿ ಬರಲಿಲ್ಲ."

ನನಗೆ ಸಿಟ್ಟು ಬಂತು. ಮೊಳಕಾಲಿನ ವಿಷಯವನ್ನೂ ಮುಚ್ಚಿಟ್ಟಿದ್ದರಲ್ಲ. "ನನ್ನ ಮುಂದ ಸುಳ್ಳ ಹೇಳೂದಾ?" ಎಂದು ದನಿ ಏರಿಸಿದೆ.

ವೈನಿ ಉಳ್ಳಾಗಡ್ಡಿ ಆರಿಸುವುದನ್ನು ಬಿಡಲಿಲ್ಲ. "ನೀ ಭಾಳ ಖರೇ ಹೇಳಾವ! ಮ್ಯಾಲ ಗಾಳಿಗಿ ಕುಂತೇನಿ, ಸಮುದ್ರ ನೋಡಾಕತ್ತೇನಿ ಅಂತಿದ್ದಿ. ಹಿಂದ ಆ ಗರಗರ ಮಷೀನ್ ಸಪ್ಪಳ ನನಗ ಕೇಳತಿದ್ದಿಲ್ಲೇನು?"

ನಾನು ಗ್ವಾದಲಿಯ ಕಟ್ಟೆಯ ಮೇಲೆ ಕೂತೆ. ಒಂಬತ್ತು ತಿಂಗಳು ನನ್ನ ಗಡಿಯಾರ ಒಂದು ನಿಮಿಷವೂ ತಪ್ಪಿರಲಿಲ್ಲ. ಆದರೆ ಅದು ತೋರಿಸುತ್ತಿದ್ದದ್ದು ಯಾವಾಗಲೋ ಮುಗಿದುಹೋದ ಊರನ್ನು. ಊರಿನ ನೆನಪೆಂದು ನಾನು ಎದೆಗೊತ್ತಿಕೊಂಡದ್ದನ್ನು, ನೋಯುವ ಕಾಲು ನೀವಿಕೊಳ್ಳುತ್ತ ಇವರೊಬ್ಬರೇ ದಿನವೂ ಹೊಸದಾಗಿ ಮಾಡಿ ಕೊಡುತ್ತಿದ್ದರು.

"ಎಮ್ಮಿ ಇಲ್ಲಂದ ಮ್ಯಾಲ ಆರಕ್ಕ ಯಾಕ ಏಳತಿದ್ರಿ?" ಎಂದೆ. ದನಿ ತಾನಾಗಿಯೇ ಇಳಿದಿತ್ತು.

"ನಿನ್ನ ಫೋನ್ ಬರತಿತ್ತಲಾ."

"ಇನ್ನಮ್ಯಾಲ ಎಂಟಕ್ಕ ಮಾಡತೇನಿ ವೈನಿ. ಆರಾಮ ಮಲಕ್ಕೋರ್ರಿ."

ವೈನಿ ತಲೆಯೆತ್ತಿ ನೋಡಿದರು. "ಎಂಟಕ್ಕ ಮಾಡಿದ್ರ, ಆರರಿಂದ ಎಂಟರ ತನಕಾ ದಾರಿ ಕಾಯಬೇಕಾಕ್ಕೈತಿ. ಆರಕ್ಕ ಮಾಡು."