ಬ್ಯಾಂಡ್ ಮಾಸ್ತರರ ಗುರುವಾರ

ಬ್ಯಾಂಡ್ ಮಾಸ್ತರರ ಮೇಲ್ದುಟಿಯ ನಡುವೆ ಒಂದು ಗುಂಡನೆಯ ಕಲೆ ಇತ್ತು, ಉಂಗುರ ಕಾಯಿಸಿ ಒತ್ತಿದ ಹಾಗೆ. ಹುಡುಗರಾಗಿದ್ದಾಗಿನಿಂದ ಟ್ರಂಪೆಟ್ಟಿನ ಬಾಯಿ ಕೂತು ಕೂತು ಆದ ಗುರುತು. ಊದುವುದನ್ನು ಬಿಟ್ಟು ಎಷ್ಟೋ ವರ್ಷವಾದರೂ ಅದು ಮಾಸಿರಲಿಲ್ಲ. ಮೀಸೆ ಬಿಟ್ಟಿದ್ದರೆ ಮುಚ್ಚಿಹೋಗುತ್ತಿತ್ತು. ಬಿಡಲಿಲ್ಲ. ದಿನಾ ಬೆಳಿಗ್ಗೆ ನುಣ್ಣಗೆ ಬೋಳಿಸಿಕೊಂಡು, ಬೂಟಿಗೆ ಪಾಲಿಶ್ ಹಾಕಿ, ಆ ಕಲೆಯನ್ನು ಊರಿಗೆಲ್ಲ ತೋರಿಸುತ್ತ ಓಡಾಡುತ್ತಿದ್ದರು. ಅಷ್ಟು ಜಂಬ ಇತ್ತು ಅವರಿಗೆ.

ಅವರ ಅಪ್ಪ ಶಿರಸಿಯಲ್ಲಿ ಮದುವೆ ಮೆರವಣಿಗೆಯ ಬ್ಯಾಂಡಿನಲ್ಲಿ ಊದುತ್ತಿದ್ದವರು. ಆ ಬ್ಯಾಂಡಿನಲ್ಲೇ ಮಾಸ್ತರು ಕಲಿತರು. ಆಮೇಲೆ ಮಿಲಿಟರಿ ಬ್ಯಾಂಡಿಗೆ ಸೇರಿದರು. ಅಲ್ಲಿ ಕಾಗದದ ಮೇಲೆ ಬರೆದ ಸ್ವರ ಓದುವುದು ಕಲಿತು, ಹಿಂದಿನ ಸಾಲಿನಿಂದ ಮುಂದಿನ ಸಾಲಿಗೆ ಬಂದು, ಕೊನೆಗೆ ಸಾಲನ್ನೇ ಬಿಟ್ಟು, ನಲವತ್ತು ಮಂದಿಯ ಎದುರು ಕೋಲು ಹಿಡಿದು ನಿಲ್ಲುವವರಾದರು. ಪೆನ್ಶನ್ ಆಗಿ ಊರಿಗೆ ಬಂದ ಮೇಲೆ ಸುಮ್ಮನೆ ಕೂರಲಿಲ್ಲ. ಸೋಮವಾರ ಸಿದ್ದಾಪುರ, ಬುಧವಾರ ಯಲ್ಲಾಪುರ, ಉಳಿದ ದಿನ ಶಿರಸಿ ಎಂದು ಬಸ್ಸಿನಲ್ಲಿ ತಿರುಗಿ ಶಾಲೆಯ ಮಕ್ಕಳಿಗೆ ಬ್ಯಾಂಡ್ ಕಲಿಸುತ್ತಿದ್ದರು. ಒಂದು ಶಾಲೆ ಹೊಸ ವಾದ್ಯ ತರಿಸಿ ಹಳೆಯವನ್ನು ಮೂಲೆಗೆ ಹಾಕಿದಾಗ ಅವನ್ನು ಕೇಳಿ ಪಡೆದು, ಒರೆಸಿ, ರಿಪೇರಿ ಮಾಡಿ, ನಮ್ಮ ಓಣಿಯ ಹೆಂಗಸರ ಸಂಘಕ್ಕೆ ಬಂದು, "ನಿಮ್ಮಲ್ಲಿ ಯಾರಿಗೆ ಉಸಿರು ಗಟ್ಟಿ ಇದೆ?" ಎಂದು ಕೇಳಿದರು.

ನಾನು ಸಂಘದಲ್ಲಿದ್ದರೂ ಅವತ್ತು ಹೋಗಿರಲಿಲ್ಲ. ನನ್ನದು ಪೇಟೆಯಲ್ಲಿ ಮಂಡಕ್ಕಿ ಅಂಗಡಿ. ಹುಟ್ಟಿದ್ದು ಬನವಾಸಿ ಕಡೆ, ಓದಿದ್ದು ನಾಲ್ಕನೇ ಇಯತ್ತೆ. ಆಗ ನನಗೆ ಐವತ್ತು ದಾಟಿತ್ತು, ಮೊಮ್ಮಗಳು ಹುಟ್ಟಿದ್ದಳು.

ಒಂದು ಬೆಳಿಗ್ಗೆ ಹೋಟೆಲಿನವನಿಗೆ ಎಂಟು ಸೇರು ಮಂಡಕ್ಕಿ ಅಳೆಯುತ್ತಿದ್ದೆ. ಪಕ್ಕದ ಬಾಳೆಹಣ್ಣಿನವಳು ನನ್ನ ಜಾಗಕ್ಕೆ ಬುಟ್ಟಿ ತಳ್ಳಿದ್ದಳು. ಬಾಯಲ್ಲಿ ಅವಳ ಜೊತೆ ಜಗಳ, ಕೈಯಲ್ಲಿ ಅಳತೆ. ಮಾಸ್ತರು ನಿಂತು ನೋಡುತ್ತಿದ್ದರು.

"ಅಕ್ಕ, ಅಷ್ಟು ಜಗಳದ ನಡುವೆ ಲೆಕ್ಕ ತಪ್ಪಲಿಲ್ಲವಲ್ಲ."

"ತಪ್ಪಿದ್ರ ಹೋಟೆಲಿನಾಂವ ಬಿಡ್ತಾನೇನ್ರಿ?"

"ನಮ್ಮ ಬ್ಯಾಂಡಿಗೆ ಬನ್ನಿ."

"ನನಗ ಪೀಪಿ ಊದಾಕ ಬರೂದಿಲ್ಲ."

"ಊದೋದು ಬೇಡ. ಸುಮ್ಮನೆ ನಿಂತು ಎಣಿಸಬೇಕು. ಎಣಿಸಿ ಎಣಿಸಿ ಒಂದೇ ಸಲ ಹೊಡೀಬೇಕು."

ಅದು ಝಾಂಜ್. ಊಟದ ತಟ್ಟೆಯಷ್ಟು ದೊಡ್ಡ ಕಂಚಿನ ತಾಳ. ಉಳಿದವರು ಹಾಡು ಪೂರ್ತಿ ಬಾರಿಸುತ್ತಿದ್ದರೆ ಝಾಂಜಿನವಳು ಹದಿನಾರು ಸುತ್ತು ಎಣಿಸುತ್ತ ನಿಂತಿರಬೇಕು. ಹದಿನಾರು ಮುಗಿದ ಕೂಡಲೇ ಒಂದು ಹೊಡೆತ. ಮತ್ತೆ ಎಣಿಕೆ. ಸೊಸೆ ಕೇಳಿ ಬಾಯಿಗೆ ಸೆರಗು ಹಿಡಿದಳು. "ಅತ್ತಿ, ಈ ವಯಸ್ಸಿನ್ಯಾಗ ಝಾಂಜ್ ಹೊಡದ್ರ ಊರು ನಗತೈತಿ."

"ನಗಲಿ ಬಿಡು. ನಕ್ಕಾವ್ರೂ ಮಂಡಕ್ಕಿ ತಿಂತಾರ" ಎಂದೆ.

ಒಟ್ಟು ಹದಿನಾಲ್ಕು ಹೆಂಗಸರಾದೆವು. ಸಂಜೆ ಶಾಲೆಯ ಹಾಲಿನಲ್ಲಿ ಕಲಿಕೆ. ಮಾಸ್ತರು ಬಹಳ ಒಳ್ಳೆಯವರು ಎಂದು ನಾನು ಬರೆಯುವುದಿಲ್ಲ. ಮುಂಗೋಪಿ. ತಪ್ಪಿದರೆ ತಲೆಯ ಟೋಪಿ ತೆಗೆದು ನೆಲಕ್ಕೆ ಬಡಿಯುತ್ತಿದ್ದರು, ಆಮೇಲೆ ತಾವೇ ಎತ್ತಿ ಧೂಳು ಕೊಡವುತ್ತಿದ್ದರು. ಹೊಗಳುವುದು ಗೊತ್ತೇ ಇರಲಿಲ್ಲ. ಬಹಳ ಚೆನ್ನಾಗಿ ಬಂದರೆ "ಹೂಂ" ಅನ್ನುವರು. ಅಷ್ಟೇ.

ಒಂದು ದಿನ ನಾನು ಕೇಳಿಯೇ ಬಿಟ್ಟೆ. "ಹದಿನಾಲ್ಕು ಮಂದಿ ಬೆವರು ಸುರಿಸಿ ಬಾರಿಸ್ತೀವಿ. ನೀವು ಗಾಳ್ಯಾಗ ಕೋಲು ಆಡಿಸ್ತೀರಿ. ಒಂದು ಸಪ್ಪಳಾನೂ ಮಾಡೂದಿಲ್ಲ. ಆದ್ರೂ ಹೆಸರು ನಿಮ್ದ. ಇದ್ಯಾವ ನ್ಯಾಯಾರೀ ಮಾಸ್ತರ?"

ಎಲ್ಲರೂ ಟೋಪಿಯ ಕಡೆ ನೋಡಿದರು. ಅವರು ಟೋಪಿ ತೆಗೆಯಲಿಲ್ಲ. ಕೋಲನ್ನು ಕಿಸೆಗೆ ಹಾಕಿಕೊಂಡು, "ನೀವೇ ಬಾರಿಸಿ" ಎಂದು ಹೊರಗಿನ ಕಟ್ಟೆಗೆ ಹೋಗಿ ಕೂತರು. ನಾವು ಶುರು ಮಾಡಿದೆವು. ಮೊದಲ ಎರಡು ಸುತ್ತು ಸರಿಯಾಗಿತ್ತು. ಮೂರನೆಯದರಲ್ಲಿ ದೊಡ್ಡ ಡ್ರಮ್ಮಿನವಳು ಮುಂದೆ ಓಡಿದಳು, ಕ್ಲಾರಿನೆಟ್ಟಿನವರು ಹಿಂದೆ ಉಳಿದರು. ಜೋಡೆತ್ತಿನಲ್ಲಿ ಒಂದು ದಾರಿಗೆ, ಒಂದು ಗದ್ದೆಗೆ ಎಳೆದ ಹಾಗಾಯಿತು. ನಾನು ಯಾರ ಸುತ್ತು ಎಣಿಸಲಿ? ಝಾಂಜ್ ಎತ್ತಲೇ ಇಲ್ಲ.

ಮಾಸ್ತರು ಒಳಗೆ ಬಂದು ಹೇಳಿದರು: "ಎಲ್ಲರೂ ಅವರವರದ್ದು ಸರಿಯಾಗೇ ಬಾರಿಸಿದ್ರಿ. ಯಾರೂ ಪಕ್ಕದವರು ಬಾರಿಸೋದನ್ನ ಕೇಳಲಿಲ್ಲ. ಹದಿನಾಲ್ಕು ಮಂದಿಯದ್ದೂ ಕೇಳೋಕೆ ಒಬ್ಬ ಬೇಕಲ್ಲ ಅಕ್ಕ. ಸಪ್ಪಳ ಮಾಡ್ತಾ ಇದ್ರೆ ಕೇಳೋದು ಹ್ಯಾಗೆ?"

ಆಮೇಲೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಅವರದೊಂದು ಕ್ರಮ ಇತ್ತು. ಗುರುವಾರ ಗುರುವಾರ ಕೋಲನ್ನು ನಮ್ಮಲ್ಲಿ ಒಬ್ಬರ ಕೈಗೆ ಕೊಡುವರು. ಅವಳ ವಾದ್ಯ ತಾವು ಹಿಡಿದು ಅವಳ ಜಾಗದಲ್ಲಿ ನಿಲ್ಲುವರು. ಒಂದು ಹಾಡು ಅವಳೇ ನಡೆಸಬೇಕು. ಕ್ಲಾರಿನೆಟ್ ಊದುವ ಟೇಲರ್ ಹುಡುಗಿಯ ಸರದಿ ಬಂದಾಗ ಅವಳು ಗಾಬರಿಗೆ ತನ್ನ ಮನೆಮಾತಿನಲ್ಲೇ, "ಎಂಗೆ ಆಗ್ತಿಲ್ಲೆ ಮಾಸ್ತರೆ!", ನನ್ನಿಂದ ಆಗುವುದಿಲ್ಲ ಎಂದು ಅಳುವ ಹಾಗಾದಳು. ಬಿಡಲಿಲ್ಲ. ಎದುರು ನಿಲ್ಲಿಸಿದರು.

ಈ ಹಟ ಯಾಕೆ ಎಂದು ಅವರೇ ಹೇಳಿದ್ದರು. ಅವರ ಅಪ್ಪನ ಬ್ಯಾಂಡನ್ನು ನಡೆಸುತ್ತಿದ್ದ ಉಸ್ತಾದರು ಮೂವತ್ತು ವರ್ಷ ಕೋಲನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ. ಅವರು ತೀರಿಕೊಂಡ ಮೇಲೆ ಬಂದ ಮೊದಲ ಮದುವೆಯಲ್ಲಿ ಬ್ಯಾಂಡಿನವರು ರಸ್ತೆ ನಡುವೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರಂತೆ. ಆ ಮದುವೆ ಕಾಲ ಮುಗಿಯುವುದರೊಳಗೆ ಬ್ಯಾಂಡ್ ಒಡೆದುಹೋಯಿತು. "ಉಸ್ತಾದರು ನಮಗೆ ಎಲ್ಲ ಕಲಿಸಿದರು, ಮುಂದೆ ನಿಲ್ಲೋದೊಂದು ಕಲಿಸಲಿಲ್ಲ" ಎನ್ನುವರು.

ಅವರ ಎದೆಯೂ ಸರಿ ಇರಲಿಲ್ಲ. ಹುಬ್ಬಳ್ಳಿಯ ಡಾಕ್ಟರರು ಹೆಚ್ಚು ತಿರುಗಬೇಡಿ ಎಂದಿದ್ದರು. ಶಾಲೆಯ ಮಕ್ಕಳು ಹತ್ತನೇ ಇಯತ್ತೆ ಮುಗಿಸಿ ಹೊರಟುಬಿಡುತ್ತವೆ. ನಾವು ಹೆಂಗಸರು ಎಲ್ಲಿಗೂ ಹೋಗುವವರಲ್ಲ. ಅದಕ್ಕೇ ನಮ್ಮನ್ನು ಹಿಡಿದಿದ್ದು. ಪ್ರತಿ ಗುರುವಾರ ಕೊನೆಗೆ ಕೇಳುವರು, "ನಾನು ಹೋದ ಮೇಲೆ ಮುಂದೆ ಯಾರು ನಿಲ್ತೀರಿ?" ಎಲ್ಲರೂ ನೆಲ ನೋಡುತ್ತಿದ್ದರು. ನಾನು ನೆಲ ನೋಡಲಿಕ್ಕೂ ಇರುತ್ತಿರಲಿಲ್ಲ. ಅಂಗಡಿ ಮುಚ್ಚುವುದು ತಡವಾಯಿತು ಎಂದು ಹೇಳಿ ನಾಲ್ಕು ತಿಂಗಳು ಗುರುವಾರ ತಪ್ಪಿಸಿದೆ.

ಜನವರಿಯ ಧ್ವಜವಂದನೆಗೆ ನಮ್ಮ ಬ್ಯಾಂಡ್ ಮೈದಾನದಲ್ಲಿ ಬಾರಿಸಬೇಕಾಯಿತು. ನೀಲಿ ಸೀರೆ ಉಟ್ಟು ನಿಂತೆವು. ಎಣಿಸುತ್ತಿದ್ದೆ. ಹನ್ನೆರಡು, ಹದಿಮೂರು. ಮುಂದಿನ ಸಾಲಿನ ಕುರ್ಚಿಯಲ್ಲಿ ಇಪ್ಪತ್ತು ವರ್ಷದಿಂದ ನನ್ನ ಗಿರಾಕಿಯಾಗಿದ್ದವ ಒಬ್ಬ ಕೂತು ನನ್ನನ್ನೇ ನೋಡುತ್ತಿದ್ದ. ಹದಿನೈದು, ಹದಿನಾರು. ಕೈ ಏಳಲಿಲ್ಲ. ಅಳತೆ ಮುಗಿದ ಮೇಲೆ ಒಂದು ಬೊಗಸೆ ಕೊಸರು ಹಾಕದೆ ಚೀಲ ಕಟ್ಟಿ ಗೊತ್ತಿಲ್ಲದ ಕೈ ಅದು. ಅವನ ಮುಖ ನೋಡಿದ್ದಕ್ಕೋ ಏನೋ, ಹದಿನಾರರ ಮೇಲೆ ಇನ್ನೊಂದು ಹಾಕಿತು. ಒಂದು ಸುತ್ತು ತಡವಾಗಿ ಝಾಂಜ್ ಹೊಡೆದೆ.

ಆದರೆ ಹೊಡೆತ ಸರಿಯಾದ ಜಾಗಕ್ಕೇ ಬಿತ್ತು. ನನ್ನ ಕೈ ಏಳದಿದ್ದದ್ದು ಕಂಡ ಕೂಡಲೇ ಮಾಸ್ತರು ಎಡಗೈ ಚಾಚಿ ಸೈಡ್ ಡ್ರಮ್ಮಿನ ಹುಡುಗಿಯನ್ನು ಹಾಗೇ ಉರುಳಿಸುತ್ತಿರು ಎಂದು ಹಿಡಿದಿದ್ದರು, ಊದುವವರನ್ನು ಕೋಲಿನ ತುದಿಯಲ್ಲೇ ತಡೆದಿದ್ದರು. ಇಡೀ ಬ್ಯಾಂಡ್ ಒಂದು ಸುತ್ತು ನನಗಾಗಿ ಕಾದಿತ್ತು. ಮೈದಾನದಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಚಪ್ಪಾಳೆ ಬಿತ್ತು.

ಮರುದಿನ ಅವರು ಅಂಗಡಿಗೆ ಬಂದರು.

"ಸರ್ಕಾರಿ ಕಾರ್ಯಕ್ರಮದಲ್ಲೂ ಕೊಸರು ಹಾಕಿದ್ರಲ್ಲ ಅಕ್ಕ."

ನನಗೆ ನಗು ಬರಲಿಲ್ಲ. "ಬ್ಯಾರೆ ಯಾರನ್ನರ ಹಾಕ್ಕೊಳ್ರಿ. ನನ್ನ ಕೈಯಿಂದ ನಿಮ್ಮ ಮಾನ ಹೋಗತಿತ್ತು."

"ಅದಿರಲಿ. ತಪ್ಪಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಹೊಡಿಯೂದಕ್ಕ ಮೊದಲ ಗೊತ್ತಾತು. ಸೈಡ್ ಡ್ರಮ್ ಒಂದು ಸುತ್ತು ಹೆಚ್ಚಿಗಿ ಉರುಳಾಕತ್ತಿತ್ತು. ಕ್ಲಾರಿನೆಟ್ ನಾಕು ಮಂದ್ಯಾಗ ಮೂರು ಮಂದಿ ಉಸಿರು ಹಿಡದ್ರು, ತುದೀಗಿ ನಿಂತಾಕಿ ಬಿಟ್ಲು."

"ನಿನ್ನೆ ಎಲ್ಲರನ್ನೂ ಕೇಳಿದೆ. ಹದಿಮೂರು ಮಂದಿಯಲ್ಲಿ ಯಾರಿಗೂ ಇಷ್ಟು ಕೇಳಿಲ್ಲ. ಗುರುವಾರ ಬನ್ನಿ. ಅಂಗಡಿ ನೆಪ ಬೇಡ."

"ನಾ ನಾಕನೇ ಇಯತ್ತೇರಿ. ಕಾಗದದ ಮ್ಯಾಲಿನ ಆ ಹುಳಾ ನನಗ ಓದಾಕ ಬರೂದಿಲ್ಲ."

"ಕಾಗದ ಅವರು ಓದ್ತಾರೆ. ನೀವು ಅವರು ಬಾರಿಸೋದನ್ನ ಕೇಳಿ, ಸಾಕು."

ಹೋದೆ. ಕೋಲು ಕೈಗೆ ಕೊಟ್ಟು, ಝಾಂಜ್ ಹಿಡಿದು ನನ್ನ ಜಾಗದಲ್ಲಿ ನಿಂತರು. ಎಲ್ಲರೂ ನನ್ನ ಕೈ ನೋಡುತ್ತಿದ್ದಾರೆ. ಹಾಗೂ ಹೀಗೂ ಹದಿನಾರು ಸುತ್ತು ದಾಟಿತು. ಮಾಸ್ತರು ತಡವಾಗಿ ಹೊಡೆದರು. ಬಾಯಿ ತಡೆಯಲಿಲ್ಲ.

"ಮಾಸ್ತರ, ತಡಾ ಆತು. ಮತ್ತ ಮೊದಲಿಂದ."

ನಲವತ್ತು ಮಂದಿ ಸಿಪಾಯಿಗಳನ್ನು ನಡೆಸಿದ ಮುಂಗೋಪಿ ಮನುಷ್ಯ ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿ, "ತಪ್ಪಾಯ್ತು" ಎಂದರು. ಎರಡನೆಯ ಸಲ ಸರಿಯಾಗಿ ಹೊಡೆದರು. ನಾನು "ಹೂಂ" ಎಂದೆ. ಆಗ ನಕ್ಕರು. ಬೇಕೆಂದೇ ತಪ್ಪಿದರೋ ಏನೋ. ಆಮೇಲೊಮ್ಮೆ ಕೇಳಿದರೆ ಹೇಳಲಿಲ್ಲ.

ಎರಡು ವರ್ಷ ನನ್ನನ್ನು, ಟೇಲರ್ ಹುಡುಗಿಯನ್ನು, ಸೈಡ್ ಡ್ರಮ್ಮಿನವಳನ್ನು ಹಾಗೆ ತಿದ್ದಿದರು. ಒಂದು ಬುಧವಾರ ಯಲ್ಲಾಪುರದಲ್ಲಿ ಪಾಠ ಮುಗಿಸಿ ಬರುವಾಗ ಬಸ್ಸಿನಲ್ಲಿ ಎದೆ ಹಿಡಿದುಕೊಂಡರಂತೆ. ಶಿರಸಿ ಮುಟ್ಟುವುದರೊಳಗೆ ಹೋಗಿದ್ದರು. ಮರುದಿನ ಮಣ್ಣು ಮಾಡಿದರು. ನಾವು ಹೆಂಗಸರು ಅವರ ಹೆಂಡತಿಯ ಹತ್ತಿರ ಸಂಜೆತನಕ ಕೂತು ಬಂದೆವು.

ಮುಂದಿನ ಗುರುವಾರ ಹಾಲಿಗೆ ಎಲ್ಲರೂ ಬಂದಿದ್ದರು. ಬೀರುವಿನಲ್ಲಿ ವಾದ್ಯಗಳ ಜೊತೆ ಕೋಲೂ ಇತ್ತು. ಯಾರೂ ಮುಟ್ಟಲಿಲ್ಲ.

"ನಲವತ್ತು ದಿನದ ದುಃಖ ಕಳೆಯಲಿ, ಆಮೇಲೆ ನೋಡೋಣ" ಎಂದಳು ದೊಡ್ಡ ಡ್ರಮ್ಮಿನವಳು. ನಾಲ್ಕಾರು ಜನ ಹೌದು ಎಂದು ಚೀಲ ಹೆಗಲಿಗೆ ಹಾಕಿದರು. ಟೇಲರ್ ಹುಡುಗಿ ಅಳುತ್ತಿದ್ದಳು. ರಸ್ತೆ ನಡುವೆ ಮುಖ ಮುಖ ನೋಡಿಕೊಂಡು ನಿಂತವರೂ ಹೀಗೇ ನಿಂತಿರಬೇಕು ಅನ್ನಿಸಿತು. ಎದ್ದು ಹೋಗಿ ಕೋಲು ತೆಗೆದೆ.

"ನಲವತ್ತು ದಿನ ಬಿಟ್ರ ಬಿಟ್ಟಂಗ. ಅಳೂದು ಮುಗದೈತಂದ್ರ ಊದ್ರಿ. ಮುಗದಿಲ್ಲಂದ್ರ ಅಳಕೋತ ಊದ್ರಿ."

ಊದಿದರು. ಕೆಟ್ಟದಾಗಿತ್ತು. ನಾಲ್ಕು ಸಲ ನಿಲ್ಲಿಸಿ ಮೊದಲಿಂದ ಮಾಡಿಸಿದೆ. ಐದನೆಯ ಸಲ ಕೊನೆ ಮುಟ್ಟಿತು.

ಮಾಸ್ತರ ಋಣ ಏನು ಎಂದು ಕೇಳಿದರೆ ನನಗೆ ಹೆಚ್ಚು ಹೇಳಲು ಬರುವುದಿಲ್ಲ. ಐವತ್ತು ವರ್ಷ ನನ್ನ ಬಾಯಿಗೆ ಹೆದರಿದವರು ಇದ್ದರು. ನನಗೆ ಕಿವಿ ಇದೆ ಎಂದು ಹೇಳಿದವರು ಅವರೊಬ್ಬರೇ. ಗುರುವಾರದ ಕ್ರಮ ಈಗಲೂ ಬಿಟ್ಟಿಲ್ಲ. ಟೇಲರ್ ಹುಡುಗಿ ಮುಂದೆ ನಿಂತಾಗ ನಾನು ಝಾಂಜಿಗೆ ಹೋಗುತ್ತೇನೆ, ತಪ್ಪಿದರೆ ಅವಳು ಬೈಯುತ್ತಾಳೆ.

ಮಾಸ್ತರ ಮಗ ಲಾರಿ ಓಡಿಸುತ್ತಾನೆ. ತಂದೆ ಹೋಗಿ ವರ್ಷವಾದ ಮೇಲೆ ಒಮ್ಮೆ ಅಂಗಡಿಗೆ ಬಂದ.

"ಅಮ್ಮಾ, ಅಪ್ಪನ ಕೋಲು ನಿಮ್ಮ ಹತ್ರ ಇದೆಯಂತೆ. ಮನೇಲಿ ಗಾಜಿನ ಪೆಟ್ಟಿಗೇಲಿ ಇಡ್ತೀನಿ, ನೆನಪಿಗೆ."

"ಈಗ ಕೊಡೂದಿಲ್ಲಪಾ. ಬ್ಯಾಂಡ್ ನಿಂತ ದಿನ ಬಂದು ಒಯ್ಯಿ."

"ಅಂದ್ರೆ ನಾನು ಯಾವಾಗ ಬರಲಿ?"

"ಅದ ನನಗ ಗೊತ್ತಿಲ್ಲ. ನನ್ನ ಹಿಂದ ಇನ್ನೂ ಇಬ್ಬರು ತಯಾರದಾರ."

ಅವನು ಎರಡು ಸೇರು ಮಂಡಕ್ಕಿ ಕಟ್ಟಿಸಿಕೊಂಡು ಹೋದ. ಈಗಲೂ ವರ್ಷಕ್ಕೆ ನಾಲ್ಕು ಸಲವಾದರೂ ಲಾರಿ ನಿಲ್ಲಿಸುತ್ತಾನೆ. ಕೋಲು ಕೇಳುವುದಿಲ್ಲ.

"ನಡೀತಾ ಇದ್ಯಾ ಅಮ್ಮಾ?" ಎನ್ನುತ್ತಾನೆ.

"ನಡದೈತಿ" ಎನ್ನುತ್ತೇನೆ.