ದೊಡ್ಡಮ್ಮ ಮಲಗಿ ಕೇಳಿದ ಕೊಬ್ಬರಿ

ಹೋದ ಭಾನುವಾರ ಕ್ಯಾತ್ಸಂದ್ರದ ನಮ್ಮ ಮನೆಗೆ ಊರಿಂದ ಒಂದು ಚೀಲ ಕೊಬ್ಬರಿ ಕಾಯಿ ಬಂತು. ಅಟ್ಟದ ದೂಳು, ಒಣ ಸಿಪ್ಪೆಯ ವಾಸನೆ... ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ.

ಹಾಗಲವಾಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ದೊಡ್ಡಮ್ಮ ಇದ್ದರು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಉಂಡೆ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದವರು ಅವರೇ. ಅವರು ಹೂಂ ಅನ್ನದೆ ಬೀದಿಯಲ್ಲಿ ಯಾರೂ ಕಾಯಿ ಒಡೆಯುತ್ತಿರಲಿಲ್ಲ.

ಹತ್ತು ವರ್ಷದ ಹಿಂದೆ ಅವರ ನಡಿಗೆ ತಡವರಿಸಿತು, ಮರೆವು ಹೆಚ್ಚಿತು. ತಲೆಯೊಳಗೆ ನೀರು ತುಂಬಿದೆ ಎಂದು ಡಾಕ್ಟರು ಅದನ್ನು ಹೊಟ್ಟೆಗೆ ಇಳಿಸುವ ಸಣ್ಣ ಕೊಳವೆ ಹಾಕಿದರು. ಷಂಟ್ ಅನ್ನುತ್ತಾರೆ. ನಡಿಗೆ ಮರಳಿತು, ನಗುವೂ ಮರಳಿತು. "ನೀರು ಇಂಗಿದ್ಮೇಲೇ ಕಣೇ ಕಾಯಿ ಕೊಬ್ಬರಿ ಆಗೋದು. ಈಗ ನಾನೂ ಆದೆ," ಎಂದರು.

ಆದರೆ ಕಾಯಿ ಮಾತ್ರ ಅವರೊಡನೆ ಮಾತು ಬಿಟ್ಟಿತು. ಅಲ್ಲಾಡಿಸಿ, ಇನ್ನೂ ಆಗಿಲ್ಲ ಎಂದು ಪಕ್ಕಕ್ಕಿಡುತ್ತಿದ್ದರು. ನಮಗೆಲ್ಲ ಚಿಪ್ಪು ಬಿಟ್ಟ ಉಂಡೆಯ ಲೊಟಲೊಟ ಕೇಳುತ್ತಿತ್ತು. ಗಂಡಸರ ದಪ್ಪ ದನಿಗೆ ತಿರುಗಿ ನೋಡುತ್ತಿರಲಿಲ್ಲ, ಅಡುಗೆಮನೆಯಲ್ಲಿ ಚಮಚ ಬಿದ್ದರೆ ಬೆಚ್ಚುತ್ತಿದ್ದರು. ಜಾಣಕಿವುಡು ಎಂದು ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಂದು ಮಧ್ಯಾಹ್ನ ನೋಡಿದರೆ ಚಾಪೆಯ ಮೇಲೆ ಮಲಗಿ ಕಾಯಿ ಅಲ್ಲಾಡಿಸುತ್ತಿದ್ದಾರೆ.

"ಮಲಿಕಂಡ್ರೆ ಕೇಳ್ತದೆ ಕಣೇ. ಎದ್ರೆ ಹೋಯ್ತದೆ."

ಆಪರೇಷನ್ ಆದಮೇಲೆ ತಲೆ ಕೆಟ್ಟಿದೆ ಅಂದುಕೊಂಡೆ.

ಅವರಿಗೆ ಮಕ್ಕಳಿರಲಿಲ್ಲ, ತುಮಕೂರಿಗೆ ಚೆಕಪ್‌ಗೆ ಕರೆದೊಯ್ದವಳು ನಾನೇ. ಬೇರೇನಾದರೂ ತೊಂದರೆ ಇದೆಯೇ ಎಂದು ಡಾಕ್ಟರು ಕೇಳಿದಾಗ ದೊಡ್ಡಮ್ಮ ಕಿವಿ ಮುಟ್ಟಿಕೊಂಡರು. ಮತ್ತೆ ತಲೆ ಕೊಯ್ದಾರೆಂಬ ಭಯ ನನಗೆ. "ಏನಿಲ್ಲ ಸಾರ್, ಚೆನ್ನಾಗಿದಾರೆ," ಎಂದುಬಿಟ್ಟೆ. ದೊಡ್ಡಮ್ಮ ಕಿವಿಯಿಂದ ಕೈ ಇಳಿಸಿದರು. ಬರಬರುತ್ತಾ ಬೀದಿಯವರು ಅವರ ಹತ್ತಿರ ಕಾಯಿ ತರುವುದನ್ನೇ ನಿಲ್ಲಿಸಿದರು... ಮೂರು ವರ್ಷಕ್ಕೆ ದೊಡ್ಡಮ್ಮ ಹೋದರು.

ಈಚೆಗೆ ನನ್ನ ಸಹೋದ್ಯೋಗಿಯೊಬ್ಬರಿಗೆ ಅದೇ ಆಪರೇಷನ್ ಆಯಿತು, ಅದೇ ಕಿವಿಯ ತೊಂದರೆಯೂ ಬಂತು. ನೀರು ಹೆಚ್ಚು ಇಳಿದರೆ ಕೆಲವರಿಗೆ ದಪ್ಪ ಸದ್ದು ಕೇಳಿಸದು, ಮಲಗಿದರೆ ಸುಧಾರಿಸಬಹುದು ಎಂದರಂತೆ ಡಾಕ್ಟರು. ತಲೆ ಕೊಯ್ಯದೆ ಹೊರಗಿನಿಂದಲೇ ಷಂಟಿನ ಒತ್ತಡ ಸರಿಮಾಡಿದರು. ಕಿವಿ ಮರಳಿತು. ದೊಡ್ಡಮ್ಮನಿಗೂ ಮರಳುತ್ತಿತ್ತೋ ಏನೋ. ಹೇಳಹೊರಟ ಬಾಯಿಯನ್ನು ನಾನೇ ಮುಚ್ಚಿಸಿದ್ದೆ.

ಇವತ್ತು ಬೆಳಿಗ್ಗೆ ಚೀಲದಿಂದ ಒಂದು ಕಾಯಿ ತೆಗೆದು, ನೆಲದ ಮೇಲೆ ಮಲಗಿ ಅಲ್ಲಾಡಿಸಿದೆ. ಲೊಟಲೊಟ. ಚೆನ್ನಾಗಿ ಆಗಿದೆ. ಆದರೂ ಚೀಲ ಹಾಗೇ ಇದೆ. ಹೂಂ ಅನ್ನಬೇಕಾದವರಿಲ್ಲದೆ ಒಡೆಯಲು ಕೈ ಬರುತ್ತಿಲ್ಲ.