‘ನೋಡೋಣ’ ಎಂದ ಹಿಕ್ಮತ್

ಇರ್ಬಿದ್ ಪಟ್ಟಣದ ತರಕಾರಿ ಸಗಟು ಮಾರುಕಟ್ಟೆಯಲ್ಲಿ ಬರೀ ಹಿಕ್ಮತ್ ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ‘ತಕ್ಕಡಿ ಹಿಕ್ಮತ್’ ಎಂದರೆ ಮೂಟೆ ಹೊರುವವನೂ ಕೈ ಮಾಡಿ ತೋರಿಸುತ್ತಿದ್ದ. ಪ್ರಾಯವನ್ನೆಲ್ಲ ಅವನು ಕಳೆದದ್ದು ಅಲ್ಲಿನ ದೊಡ್ಡ ತೂಕದ ಯಂತ್ರದ ಪಕ್ಕದಲ್ಲೇ. ಟೊಮೇಟೊ, ಬದನೆ, ಮೂಟೆಗಟ್ಟಲೆ ಈರುಳ್ಳಿ ತೂಗಿ ತೂಗಿ, ಕೆಲಸ ಬಿಟ್ಟ ಮೇಲೂ ಆ ಚಾಳಿ ಹೋಗಲಿಲ್ಲ. ಯಾವ ಸಾಮಾನನ್ನಾದರೂ ಸರಿ, ಕೈಗೆತ್ತಿಕೊಂಡು ಮೇಲೆ ಕೆಳಗೆ ಆಡಿಸಿ ನೋಡದೆ ಕೆಳಗಿಡುತ್ತಿರಲಿಲ್ಲ.

ಒಂದು ವರ್ಷ ಚಳಿಗೆ ಹೀಟರ್ ಕೊಳ್ಳುತ್ತೇನೆಂದು ಹೊರಟವನು ಅಳೆದೂ ತೂಗಿ ಮುಗಿಸುವಷ್ಟರಲ್ಲಿ ಬಾದಾಮಿ ಮರಗಳು ಹೂಬಿಟ್ಟಿದ್ದವು. ಹೆಂಡತಿ ಇಂತಿಸಾರ್ ಆ ಚಳಿಗಾಲವಿಡೀ ಎರಡೆರಡು ಕಂಬಳಿ ಹೊದ್ದು ಅಡುಗೆ ಮಾಡಿದಳು. ಅಂಗಡಿಯವರು ಬೆಲೆ ಹೇಳಿದರೆ ಹಿಕ್ಮತ್‌ನ ಉತ್ತರ ಒಂದೇ: “ನೋಡೋಣ. ನಾಳೆ ಹೇಳ್ತೀನಿ.” ಮಗಳನ್ನು ಕೇಳಲು ಗಂಡಿನ ಕಡೆಯ ಹಿರಿಯರು ಬಂದು ಕೂತಾಗಲೂ ಅವನ ಬಾಯಿಂದ ಬಂದದ್ದು ಅದೇ ಮಾತು. ಅವರು ಅವತ್ತು ನಕ್ಕು ಎದ್ದು ಹೋದರು, ಮದುವೆಯೂ ಆಯಿತು. ಹಾಗಾಗಿ ಆ ಮಾತಿನಿಂದ ಯಾರಿಗೂ ಕೆಡುಕಾಗುವುದಿಲ್ಲ ಎಂದೇ ಅವನು ನಂಬಿದ್ದ.

ಇಂತಿಸಾರ್‌ಳ ಕಣ್ಣು ಮಂಜಾಗುತ್ತ ಬಂದಿತ್ತು. ಕುರ್‌ಆನ್ ಓದಲು ಭೂತಗನ್ನಡಿ ಹಿಡಿದು ಒಂದೊಂದೇ ಅಕ್ಷರದ ಮೇಲೆ ಜಾರಿಸಬೇಕಾಗುತ್ತಿತ್ತು. ಅವಳ ತಂಗಿಯ ಮನೆಯಲ್ಲಿ ಟ್ಯಾಬ್ ಇತ್ತು. ಬೆರಳಲ್ಲಿ ಅಗಲಿಸಿದರೆ ಅಕ್ಷರ ಅವರೆಕಾಳಿನಷ್ಟು ದಪ್ಪಗಾಗುತ್ತಿತ್ತಂತೆ. ಅದನ್ನು ಕಂಡು ಬಂದ ದಿನದಿಂದ ಅವಳು ಬೇರೇನನ್ನೂ ಕೇಳಿರಲಿಲ್ಲ. ಅಷ್ಟರಲ್ಲಿ ಯೂನಿವರ್ಸಿಟಿ ರಸ್ತೆಯ ಒಂದು ಅಂಗಡಿಯ ಗಾಜಿನ ಮೇಲೆ ಚೀಟಿ ಬಿತ್ತು: ಪುಟ್ಟ ಟ್ಯಾಬ್, ಅರ್ಧ ಬೆಲೆ, ಗುರುವಾರದವರೆಗೆ ಮಾತ್ರ.

ಹಿಕ್ಮತ್ ಹೋಗಿ ನೋಡಿದ. ಹಿಡಿದು ಆಡಿಸಿದ. ಹಿಂಬದಿಗೆ ಉಗುರಿನಿಂದ ಬಡಿದು ನೋಡಿದ. ಅಂಗಡಿಯ ಕಿನಾನ್ ಅವನನ್ನು ಬಲ್ಲವನೇ. ಎಲ್ಲರಂತೆ ಅವನೂ ಹಿಕ್ಮತ್‌ನನ್ನು ಮಗನ ಹೆಸರು ಹಿಡಿದು ‘ಅಬು ಬುರ್ಹಾನ್’, ಅಂದರೆ ಬುರ್ಹಾನ್‌ನ ಅಪ್ಪ, ಎಂದೇ ಕರೆಯುತ್ತಿದ್ದ.

“ಅಬು ಬುರ್ಹಾನ್, ಅದು ಕಲ್ಲಂಗಡಿ ಅಲ್ಲ. ಬಡಿದ್ರೆ ಹಣ್ಣೋ ಕಾಯೋ ಗೊತ್ತಾಗಲ್ಲ.”

“ಅರ್ಧ ಬೆಲೆಗೆ ಯಾಕೆ ಕೊಡ್ತಿದ್ದೀಯ, ಮೊದ್ಲು ಅದು ಹೇಳು. ಪೆಟ್ಟಿಗೇಲಿ ಮೇಲಿನ ಸಾಲು ಒಳ್ಳೇದು, ಕೆಳಗಡೆ ಎಲ್ಲ ಕೊಳೆತದ್ದು. ನಾನು ಕಂಡಿಲ್ವಾ?”

“ಹೊಸ ಮಾದರಿ ಬಂತು, ಹಳೇದು ಖಾಲಿ ಮಾಡ್ತಿದ್ದೀವಿ. ಅಷ್ಟೇ.”

“ಪರದೆ ಚಿಕ್ಕದಾಯ್ತಲ್ಲೋ. ವರ್ಷ ಕಳೆದ್ಮೇಲೆ ನಿಂತುಬಿಟ್ರೆ?”

“ವರ್ಷ ಕಳೆದ್ಮೇಲೆ ನಾವು ಇರ್ತೀವೋ ಇಲ್ವೋ, ಅದನ್ನೇ ದೇವ್ರು ಹೇಳಿಲ್ಲ. ಟ್ಯಾಬ್ ಬಗ್ಗೆ ನನ್ನ ಕೇಳ್ತೀರಲ್ಲ!”

“ನೋಡೋಣ,” ಎಂದು ಹಿಕ್ಮತ್ ಹೊರಬಿದ್ದ. ಅಂಗಡಿಯವನ ಬಾಯಿಂದ ಸತ್ಯ ಹೊರಡುವುದಿಲ್ಲ. ಬಳಸಿದವರನ್ನೇ ಕೇಳಬೇಕು ಎಂದು ದಾರಿಯಲ್ಲಿ ತೀರ್ಮಾನ ಮಾಡಿದ. ಆಗ ನೆನಪಾದವನು ಕೆಳಗಿನ ಮನೆಯ ಸಾಯೆಲ್.

ಸಾಯೆಲ್ ಕ್ಷೌರಿಕ. ಹೌರಾನ್ ಸೀಮೆಯ ಹಳ್ಳಿ ಮನೆತನ. ಕೈ ಚಿಕ್ಕದಾದರೂ ಬಾಗಿಲು ದೊಡ್ಡದು ಎನ್ನುವ ಜನ. ಅವನ ಒಬ್ಬಳೇ ಮಗಳು ಲುಜೈನ್‌ಗೆ ಅಜ್ಜಿ ಬದುಕಿದ್ದಾಗ ಕೊಡಿಸಿದ್ದ ಟ್ಯಾಬ್ ಥೇಟ್ ಇದೇ ಮಾದರಿಯದು. ಆ ಸಂಜೆ ಹಿಕ್ಮತ್ ಹೋದಾಗ ಅವಳು ನೆಲದ ಹಾಸಿನ ಮೇಲೆ ಮಂಡಿಯೂರಿ, ಬೆರಳಿನಿಂದ ಅದರ ಮೇಲೆ ಏನನ್ನೋ ಬರೆಯುತ್ತ ಕೂತಿದ್ದಳು. ಹಿರಿಯರು ಬಂದರೆಂದು ಎದ್ದು ಕೈಮುಗಿದ ಹಾಗೆ ಎದೆಗೆ ಕೈಯಿಟ್ಟು ಸ್ವಾಗತಿಸಿ, ಕೇಳಿದ ಕೂಡಲೇ ಟ್ಯಾಬ್ ಅವನ ಕೈಗಿತ್ತಳು.

ಹಿಕ್ಮತ್‌ಗೆ ಇನ್ನೇನು ಬೇಕು? ಶುರುವಾಯಿತು. ಬಿಸಿಯಾಗುತ್ತಾ? ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತೆ? ಬಿದ್ದಿದೆಯಾ ಯಾವತ್ತಾದ್ರೂ? ಅಕ್ಷರ ದೊಡ್ಡದು ಮಾಡಿ ತೋರಿಸು ಮಗಳೇ. ಲುಜೈನ್ ಒಂದೊಂದಕ್ಕೂ ಉತ್ತರ ಕೊಟ್ಟಳು, ಎರಡು ಬೆರಳಿನಿಂದ ಅಕ್ಷರ ಅಗಲಿಸಿ ತೋರಿಸಿದಳು.

“ಆಹಾ, ಎಷ್ಟು ಚೆನ್ನಾಗಿದೆ!” ಎಂದ ಹಿಕ್ಮತ್. “ಕೈಗೆ ಹಗುರ, ಕಣ್ಣಿಗೆ ತಂಪು. ಇಂಥದ್ದೊಂದು ನಮ್ಮನೇಲಿದ್ದಿದ್ರೆ ಅವಳ ಪಾಡು ತಪ್ತಿತ್ತು.”

ಸಾಯೆಲ್ ಎದೆಗೆ ಕೈಯಿಟ್ಟುಕೊಂಡ. “ನಿಮ್ಮದೇ ಅಣ್ಣ. ತಗೊಳ್ಳಿ.”

ನಮ್ಮಲ್ಲಿ ಇದು ಉಸಿರಾಟದಷ್ಟು ಸಹಜ. ಜಪಮಾಲೆ ಹೊಗಳಿದರೂ ‘ನಿಮ್ಮದೇ’, ಕೋಟು ಹೊಗಳಿದರೂ ‘ನಿಮ್ಮದೇ’, ನಿಂತ ಕಾರನ್ನು ಹೊಗಳಿದರೂ ‘ನಿಮ್ಮದೇ’. ಹೊಗಳಿದವನು ತಕ್ಷಣ “ಇಟ್ಟುಕೊಂಡವರ ಕೈಯಲ್ಲೇ ಅದಕ್ಕೆ ಕಳೆ” ಎನ್ನಬೇಕು. ಅಲ್ಲಿಗೆ ಮುಗಿಯಿತು, ಮಾಲು ಇದ್ದಲ್ಲೇ ಇರುತ್ತದೆ, ಮರ್ಯಾದೆ ಇಬ್ಬರಿಗೂ ಸಲ್ಲುತ್ತದೆ. ಹಾಲು ಕುಡಿಯುವ ಮಗುವಿಗೂ ಈ ಉತ್ತರ ಗೊತ್ತು. ಆದರೆ ಹಿಕ್ಮತ್ ಆಗ ಟ್ಯಾಬಿನ ಮೂಲೆಗೆ ಉಗುರು ಒತ್ತಿ, ಇದು ತಗಡೋ ಪ್ಲಾಸ್ಟಿಕ್ಕೋ ಎಂದು ನೋಡುತ್ತಿದ್ದ. ಮನಸ್ಸೆಲ್ಲ ಕಿನಾನ್‌ನ ಅಂಗಡಿಯಲ್ಲಿತ್ತು. ಬಾಯಿ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು:

“ನೋಡೋಣ. ನಾಳೆ ಹೇಳ್ತೀನಿ.”

ಎದೆಗಿಟ್ಟ ಕೈ ಹಾಗೇ ಇರಲು ಸಾಯೆಲ್ ಮಗಳ ಕಡೆ ನೋಡಿದ. ಅದು ಕೂಡ ಹಿಕ್ಮತ್‌ನ ಗಮನಕ್ಕೆ ಬರಲಿಲ್ಲ. ಚಹಾ ಕುಡಿದು, ಹುಡುಗಿಯ ತಲೆ ಸವರಿ, ಮೆಟ್ಟಿಲು ಹತ್ತಿ ಮನೆಗೆ ಹೋಗಿ ಸುಖವಾಗಿ ನಿದ್ದೆ ಹೋದ.

ಮಾರನೆಯ ದಿನ ಮತ್ತೆ ಅಂಗಡಿಗೆ ಹೋಗಿ, ಕಿನಾನ್‌ನ ಹತ್ತಿರ ಇನ್ನೊಂದು ಸುತ್ತು ಬೈಸಿಕೊಂಡು, ಏನನ್ನೂ ಕೊಳ್ಳದೆ ಮನೆಗೆ ಬಂದ. ಇಂತಿಸಾರ್ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮೇಜಿನ ಮೇಲೆ ಟ್ಯಾಬ್ ಇತ್ತು. ಗಾಜು ಒರೆಸಿ ಫಳಫಳ ಮಾಡಿದ್ದರು. ಚಾರ್ಜರಿನ ತಂತಿಯನ್ನು ಅಚ್ಚುಕಟ್ಟಾಗಿ ಸುತ್ತಿ, ಬಿಚ್ಚದ ಹಾಗೆ ತಲೆಗೂದಲಿನ ಗುಲಾಬಿ ರಬ್ಬರ್ ಹಾಕಿದ್ದರು.

“ಸಾಯೆಲ್ ಬಂದು ಕೊಟ್ಟು ಹೋದ,” ಎಂದಳು. “‘ಅಣ್ಣ ಇವತ್ತು ಹೇಳ್ತೀನಿ ಅಂದಿದ್ರು. ಅವರು ಬಾಯಿಬಿಟ್ಟು ಕೇಳೋ ಹಾಗೆ ಯಾಕೆ ಮಾಡ್ಬೇಕು, ನಾನೇ ತಂದೆ’ ಅಂದ. ನೀವು ಅವನಿಂದ ಕೊಂಡ್ಕೊಂಡ್ರೋ ಏನೋ ಅಂತ ನಾನೂ ಸುಮ್ನೆ ಇಟ್ಕೊಂಡೆ. ಏನಿದು ಅಬು ಬುರ್ಹಾನ್?”

ಹಿಕ್ಮತ್ ಕುರ್ಚಿಯ ಮೇಲೆ ಕುಸಿದ. ಹಿಂದಿನ ಸಂಜೆಯ ಮಾತು ಒಂದೊಂದಾಗಿ ಕಿವಿಗೆ ವಾಪಸ್ಸು ಬಂತು.

“ಅವನು ‘ನಿಮ್ಮದೇ’ ಅಂದ,” ಎಂದು ತೊದಲಿದ.

“ನೀವೇನಂದ್ರಿ?”

“ನೋಡೋಣ ಅಂದೆ.”

ಇಂತಿಸಾರ್ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಳು. “ದೇವರೇ! ‘ನಿಮ್ಮದೇ’ ಅಂದವನಿಗೆ ‘ನೋಡೋಣ’ ಅಂತಾರಾ? ಅಂದ್ರೆ ಏನರ್ಥ? ಇರ್ಲಿ, ಯೋಚ್ನೆ ಮಾಡಿ ನಾಳೆ ತಗೊಂಡ್ಹೋಗ್ತೀನಿ ಅಂತ! ಕೂಸಿನ ಕೈಯಿಂದ ಕಿತ್ಕೊಂಡ ಹಾಗಾಯ್ತಲ್ಲ! ನಾನು ಭೂತಗನ್ನಡೀಲೇ ಸಾಯ್ತಿದ್ದೆ, ಯಾರು ಕೇಳಿದ್ರು ನಿಮ್ಮನ್ನ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಿಕ್ಮತ್‌ಗೆ ಬೆನ್ನೆಲ್ಲ ಬೆವರಿತು. ಮಾರುಕಟ್ಟೆಯಲ್ಲಿ ಇಷ್ಟು ವರ್ಷ ಒಬ್ಬ ರೈತನ ಒಂದು ಹಿಡಿ ಕಾಳನ್ನೂ ಆಚೀಚೆ ಮಾಡದವನು, ನೆರೆಮನೆಯ ಹುಡುಗಿಯ ವಸ್ತುವನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದ. ಸಾಯೆಲ್ ಅದನ್ನು ಹಿಡಿದು ಮೆಟ್ಟಿಲು ಹತ್ತುವುದನ್ನು ಎಷ್ಟು ಜನ ನೋಡಿರಬಹುದು ಎಂದು ನೆನೆದು ನಾಚಿಕೆಯಿಂದ ಹಿಡಿಯಷ್ಟಾದ.

ವಾಪಸ್ಸು ಕೊಡೋಣವೆಂದರೆ ಅದೂ ಸುಲಭವಲ್ಲ. ಕೊಟ್ಟದ್ದನ್ನು ಹಿಂದಕ್ಕೆ ಒಯ್ದರೆ ಸಾಯೆಲ್‌ನ ಮುಖಕ್ಕೆ ಎಸೆದಂತೆ. ದಾರಿ ತೋರಿಸಿದವಳು ಇಂತಿಸಾರ್‌ಳೇ.

“ಕಾಫಿ ಕೊಡ್ತಾನಲ್ಲ, ಮುಟ್ಟಬೇಡಿ. ಕೆಳಗಿಡಿ. ನನ್ನದೊಂದು ಕೇಳಿಕೆ ಇದೆ ಅನ್ನಿ. ಅವನು ಆಗ್ಲಿ ಅನ್ನೋವರೆಗೂ ಕುಡೀಬೇಡಿ.”

ಅತಿಥಿ ಕಾಫಿ ಮುಟ್ಟದೆ ಕೂತರೆ ಆತಿಥೇಯನಿಗೆ ಬೇರೆ ದಾರಿಯಿಲ್ಲ, ಕೇಳಿದ್ದನ್ನು ನಡೆಸಿಕೊಡಲೇಬೇಕು. ಹೆಣ್ಣು ಕೇಳಲು, ಕೊಲೆಯ ಹಗೆ ಬಿಡಿಸಿ ರಾಜಿ ಮಾಡಿಸಲು ಹಿರಿಯರು ಹೀಗೆ ಲೋಟ ಕೆಳಗಿಡುತ್ತಾರೆ. ಒಂದು ಟ್ಯಾಬಿಗಾಗಿ ಇಟ್ಟವನು ನಮ್ಮ ಬೀದಿಯಲ್ಲಿ ಹಿಕ್ಮತ್ ಒಬ್ಬನೇ.

ಟ್ಯಾಬನ್ನು ಕಳ್ಳಮಾಲಿನ ಹಾಗೆ ಕೋಟಿನೊಳಗೆ ಅಡಗಿಸಿಕೊಂಡು ಅವನು ಕೆಳಗಿಳಿದ. ಸಾಯೆಲ್ ಕಾಫಿ ಸುರಿದು ಕೊಟ್ಟ. ಹಿಕ್ಮತ್ ಪುಟ್ಟ ಲೋಟವನ್ನು ನೆಲದ ಮೇಲಿಟ್ಟ.

“ನನ್ನದೊಂದು ಕೇಳಿಕೆ ಇದೆ ಸಾಯೆಲ್.”

ಸಾಯೆಲ್‌ನ ಮುಖ ಸಣ್ಣಗಾಯಿತು. ಅವನ ಕಣ್ಣು ತನಗರಿವಿಲ್ಲದೆ ಗೋಡೆಯ ಟೀವಿಯ ಕಡೆ ಹೋಗಿ ಬಂತು. ಇನ್ನು ಅದನ್ನೂ ಕೇಳುತ್ತಾನೇನೋ ಎಂದು ತನ್ನ ಬಗ್ಗೆ ಒಬ್ಬ ನೆರೆಯವನು ಹೆದರಿದ್ದನ್ನು ಹಿಕ್ಮತ್ ಕಣ್ಣಾರೆ ಕಂಡ. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದ.

“ಕುಡೀರಿ ಅಣ್ಣ,” ಎಂದ ಸಾಯೆಲ್. “ಏನ್ ಕೇಳಿದ್ರೂ ಆಗ್ಲಿ.”

ಹಿಕ್ಮತ್ ಕೋಟಿನೊಳಗಿಂದ ಟ್ಯಾಬ್ ತೆಗೆದ. “ಇದನ್ನ ವಾಪಸ್ ತಗೋಬೇಕು. ಇಲ್ಲ ಅನ್ಬೇಡ, ಆಗ್ಲಿ ಅಂದಾಗಿದೆ. ನಾನು ಕೇಳಿದ್ದಲ್ಲಪ್ಪ ಇದನ್ನ. ನನ್ನ ಹಾಳು ಬಾಯಿ. ಅಂಗಡೀಲಿ ಅನ್ನೋ ಮಾತು ನಿನ್ನ ಮನೇಲಿ ಅಂದ್ಬಿಟ್ಟೆ.”

ಸಾಯೆಲ್ ಅವನನ್ನೇ ನೋಡಿದ. ಆಮೇಲೆ ತೊಡೆ ತಟ್ಟಿ ನಕ್ಕ. “ನಾನು ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಮಾರಾಯ್ರೇ! ಅಬು ಬುರ್ಹಾನ್ ಎಂಥ ಕಷ್ಟದಲ್ಲಿರ್ಬೇಕು, ಮಗು ಆಡೋ ವಸ್ತು ಕೇಳೋ ಹಾಗಾಯ್ತಲ್ಲ ಅಂತ.”

ಹಿಕ್ಮತ್ ಕೂಡ ನಕ್ಕ. ಕಾಫಿ ಎತ್ತಿ ಒಂದೇ ಗುಟುಕಿಗೆ ಕುಡಿದ. ಎದೆಯ ಮೇಲಿನ ಮೂಟೆ ಇಳಿದ ಹಾಗಾಗಿ, ತಾನೇ ಲುಜೈನ್‌ಳನ್ನು ಕೂಗಿ ಕರೆದ. “ಬಾ ಮಗಳೇ, ನಿನ್ನ ವಸ್ತು ತಗೋ!”

ಅವಳು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡಳು. ನಿಂತಲ್ಲೇ ಅದನ್ನು ಆನ್ ಮಾಡಿದಳು. ಬೆರಳು ಪರದೆಯ ಮೇಲೆ ಅಲ್ಲಿ ಇಲ್ಲಿ ಓಡಾಡಿ, ನಿಂತುಬಿಟ್ಟಿತು.

“ಸರಿ ಇದೆ ತಾನೆ? ನಾನು ಏನೂ ಮುಟ್ಟಿಲ್ಲ,” ಎಂದ ಹಿಕ್ಮತ್.

“ಸರಿ ಇದೆ ದೊಡ್ಡಪ್ಪ.”

ಸಾಯೆಲ್ ನಗು ನಿಲ್ಲಿಸಿದ. “ಖಾಲಿ ಮಾಡಿಸ್ಬಿಟ್ಟಿದ್ದೆ,” ಎಂದ. “ಮನೆ ಹೆಂಗಸರ ಫೋಟೋ ಎಲ್ಲ ಇತ್ತು. ಇನ್ನೊಂದು ಮನೆಗೆ ಹಾಗೇ ಕೊಡೋಕಾಗುತ್ತಾ? ಬೆಳಿಗ್ಗೆ ಮೊಬೈಲ್ ರಿಪೇರಿಯವನ ಹತ್ರ ಪೂರ್ತಿ ಅಳಿಸಿಸಿದೆ. ಫೋಟೋ ಎಲ್ಲ ನನ್ನ ಫೋನಲ್ಲಿದೆ ಬಿಡಿ, ಮತ್ತೆ ಹಾಕಿದ್ರಾಯ್ತು.”

“ಅವಳು ಏನೋ ಬರೀತಿದ್ಲಲ್ಲ?”

“ಅದಾ? ಮಕ್ಕಳು ಗೀಚೋದು.”

ಒಳಬಾಗಿಲ ಪರದೆಯ ಹಿಂದಿನಿಂದ ಲುಜೈನ್‌ಳ ತಾಯಿಯ ದನಿ ಬಂತು. ಗಂಡಸರ ಮಾತಿನ ನಡುವೆ ಬಾಯಿ ಹಾಕುವವಳಲ್ಲ ಅವಳು. “ಗೀಚಿದ್ದಲ್ಲ ಅದು. ಅತ್ತೆಯವರ ಚಿತ್ರ ಬರೆದಿದ್ಲು. ಹಾಸಿಗೆ ಹಿಡಿದಾಗಿಂದ ಕೊನೇ ದಿನದವರೆಗೂ, ಪಕ್ಕದಲ್ಲೇ ಕೂತು.”

ಸಾಯೆಲ್ ಮಗಳ ಕಡೆ ತಿರುಗಿದ. ಅವನ ತಾಯಿ ಹಳೇ ಕಾಲದ ಮುದುಕಿ. ಬದುಕಿರುವವರೆಗೆ ಒಂದು ಫೋಟೋ ತೆಗೆಸಿಕೊಂಡವಳಲ್ಲ, ತೆಗೆಯಲು ಬಿಟ್ಟವಳೂ ಅಲ್ಲ. ಬೆರಳಿನಿಂದ ಮೊಮ್ಮಗಳು ಬರೆದರೆ ಮಾತ್ರ ಬೇಡವೆನ್ನುತ್ತಿರಲಿಲ್ಲವಂತೆ. ಇದೊಂದೂ ಸಾಯೆಲ್‌ಗೆ ಗೊತ್ತಿರಲಿಲ್ಲ. ತಾಯಿಯ ಮುಖವನ್ನು ತಾನೇ ದುಡ್ಡು ಕೊಟ್ಟು ಅಳಿಸಿಕೊಂಡು ಬಂದಿದ್ದ.

“ಹೇಳ್ಬಾರ್ದಿತ್ತೇನೇ?” ಎಂದ, ಬಹಳ ಮೆಲ್ಲಗೆ.

“ಕೊಡ್ತೀನಿ ಅಂದಾಗಿತ್ತಲ್ಲಪ್ಪ,” ಎಂದಳು ಲುಜೈನ್. ಆಮೇಲೆ ಅತಿಥಿ ಕೂತಿದ್ದಾರೆಂದು ನೆನಪಾಗಿ ಹಿಕ್ಮತ್ ಕಡೆ ನೋಡಿ, “ಪರವಾಗಿಲ್ಲ ದೊಡ್ಡಪ್ಪ. ಮತ್ತೆ ಬರೀತೀನಿ,” ಎಂದಳು. ಯಾವ ಹೊತ್ತಿಗೆ ಯಾವ ಮಾತು ಆಡಬೇಕೆಂದು ಆ ಮಗುವಿಗೆ ಚೆನ್ನಾಗಿ ಗೊತ್ತಿತ್ತು.

ಇಬ್ಬರು ಗಂಡಸರೂ ಆಗಲೇ ಎದ್ದು ರಿಪೇರಿಯವನ ಹತ್ತಿರ ಓಡಿದರು. ಅವನು ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿ, ಅಳಿಸಿದ್ದು ಇನ್ನು ಬರುವುದಿಲ್ಲವೆಂದು ತಲೆಯಲ್ಲಾಡಿಸಿದ. ಬರುವಾಗ ದಾರಿಯುದ್ದಕ್ಕೂ ಸಾಯೆಲ್, “ನಿಮ್ಮ ತಪ್ಪಲ್ಲ ಅಣ್ಣ” ಎನ್ನುತ್ತಲೇ ಇದ್ದ. ಪ್ರತಿ ಸಲ ಅವನು ಹಾಗೆಂದಾಗಲೂ ಹಿಕ್ಮತ್ ಇನ್ನಷ್ಟು ತಲೆ ತಗ್ಗಿಸಿದ.

ಗುರುವಾರ ಹಿಕ್ಮತ್ ಅಂಗಡಿಗೆ ಹೋಗಿ, ಒಂದು ಪ್ರಶ್ನೆಯನ್ನೂ ಕೇಳದೆ ಟ್ಯಾಬ್ ಕೊಂಡ. ಕಿನಾನ್ ಗಾಬರಿಯಾಗಿ, “ಮೈ ಸರಿ ಇದೆಯಾ ಅಬು ಬುರ್ಹಾನ್?” ಎಂದು ಕುರ್ಚಿ ಎಳೆದು ಕೊಟ್ಟ. ಟ್ಯಾಬ್ ಚೆನ್ನಾಗಿಯೇ ಇದೆ. ಬಿಸಿಯಾಗುವುದಿಲ್ಲ, ಚಾರ್ಜ್ ನಿಲ್ಲುತ್ತದೆ, ಪರದೆಯೂ ಸಾಕಷ್ಟು ದೊಡ್ಡದೇ. ಇಂತಿಸಾರ್ ದಿನಾ ಅದರಲ್ಲಿ ಓದುತ್ತಾಳೆ. ಅವಳು ಅದನ್ನು ಕೈಗೆತ್ತಿಕೊಂಡ ಕೂಡಲೇ ಹಿಕ್ಮತ್‌ಗೆ ಬಾಲ್ಕನಿಯಲ್ಲಿ ಏನೋ ಕೆಲಸ ಬರುತ್ತದೆ.

ಕೆಳಗಿನ ಮನೆಯ ಸುದ್ದಿ ಅವನಿಗೆ ಹೆಂಡತಿಯ ಬಾಯಿಂದಲೇ ತಿಳಿಯುತ್ತದೆ. ಲುಜೈನ್ ಮತ್ತೆ ಬರೆಯಲು ಕೂತಿದ್ದಾಳಂತೆ. ಅಜ್ಜಿಯ ಗಲ್ಲದ ಹಚ್ಚೆ ಸರಿಯಾಗಿ ಬಂದಿದೆ, ತಲೆವಸ್ತ್ರದ ಅಂಚು ಬಂದಿದೆ, ಕಣ್ಣು ಮಾತ್ರ ಎಷ್ಟು ಬರೆದರೂ ಬೇರೆ ಯಾರದೋ ಆಗುತ್ತದಂತೆ.

ಒಂದು ದಿನವಾದರೂ ಆ ಹುಡುಗಿ ಮುಖ ತಿರುಗಿಸಿಕೊಂಡು ಹೋಗಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವಳು ಹಾಗೆ ಮಾಡುವುದಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ತಾನೇ ಮೊದಲು, “ಶುಭವಾಗ್ಲಿ ದೊಡ್ಡಪ್ಪ” ಎನ್ನುತ್ತಾಳೆ. ಚಿತ್ರ ಎಲ್ಲಿಗೆ ಬಂತು ಮಗಳೇ ಎಂದು ಕೇಳಬೇಕೆಂದು ಅವನ ನಾಲಿಗೆಯ ತುದಿಗೆ ಬರುತ್ತದೆ. ಕೇಳಲು ಮುಖವಿಲ್ಲದೆ, “ಚೆನ್ನಾಗಿರು” ಎಂದಷ್ಟೇ ಹೇಳಿ, ಕಂಬಿ ಹಿಡಿದುಕೊಂಡು ಮೇಲೆ ಹತ್ತಿಹೋಗುತ್ತಾನೆ.